ಅಳತೆಗುಡ್ಡೆ

ರಸ್ತೆ ಕಡಿದವರು ಯಾರೆಂದು ತಿಳಿಯಲು ಕ್ಯಾಪ್ಟನ್‌ಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ತಿಳಿಸಿಕೊಟ್ಟವನು ಓವರ್‌ಸಿಯರ್. ಇಪ್ಪತ್ತು ವರ್ಷ ಗುದ್ದಲಿಕೇರಿಯವರ ಬೆವರನ್ನು ಟೇಪು ಹಿಡಿದು ಅಳೆದವನು. ಅವರ ಕೈ ಗುರುತು ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಬೆಳಗಿನ ಎಂಟು ಗಂಟೆ. ನದಿಯಾಚೆಯ ಕಾಳಗದಿಂದ ವಾಪಸಾಗುತ್ತಿದ್ದ ಐದು ಮಿಲಿಟರಿ ಲಾರಿಗಳು ರಸ್ತೆಯ ಆ ಕಡೆ ನಿಂತಿದ್ದವು. ಈ ಕಡೆ ಊರು, ಊರಿನಲ್ಲಿ ಕ್ಯಾಂಪು, ಕ್ಯಾಂಪಿನಲ್ಲಿ ಡಾಕ್ಟರು. ನಡುವೆ ಕಂದಕ. ಅಗಲ ಆರಡಿ, ಆಳ ಒಂದಾಳು. ರಸ್ತೆಯ ಎರಡು ಬದಿಗೂ ಜೌಗು, ಬಳಸಿ ಬರಲು ದಾರಿಯಿಲ್ಲ. ಗಾಯಗೊಂಡವರನ್ನು ಕಂದಕಕ್ಕೆ ಇಳಿಸಿ ಹತ್ತಿಸುವಷ್ಟರಲ್ಲಿ ಇಬ್ಬರು ಸತ್ತರು. ಒಬ್ಬನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಇದು ಸುಳ್ಳಲ್ಲ, ಮುಚ್ಚಿಡುವುದೂ ಬೇಡ.

ಸೈನಿಕರು ಗುದ್ದಲಿಕೇರಿಗೆ ನುಗ್ಗಿ ಹನ್ನೊಂದು ಗುಡಿಸಲುಗಳ ಜನರನ್ನು ಎಳೆತಂದು ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ್ದರು. ಊರಿನ ನೂರೈವತ್ತು ಮನೆಗಳ ಒಂದು ಬಾಗಿಲನ್ನೂ ಯಾರೂ ತಟ್ಟಿರಲಿಲ್ಲ. ತಟ್ಟುವ ರೂಢಿ ಇರಲಿಲ್ಲ.

ಓವರ್‌ಸಿಯರ್ ಚಪ್ಪಲಿ ಕೈಯಲ್ಲಿ ಹಿಡಿದು ಕಂದಕಕ್ಕೆ ಇಳಿದ. ಗೋಡೆಗಳ ಮೇಲೆ ಅಂಗೈ ಆಡಿಸಿದ. ನಡುವಿಗೆ ಬಂದು ನಿಂತ. ಅಲ್ಲಿ ಅವನಷ್ಟೇ ಎತ್ತರಕ್ಕೆ ಒಂದು ಮಣ್ಣಿನ ದಿಂಡು ನಿಂತಿತ್ತು. ಸುತ್ತಲೂ ಅಗೆದು, ನಡುವೆ ಅಗೆಯದೆ ಬಿಟ್ಟದ್ದು. ಅದರ ತಲೆಯ ಮೇಲೆ ರಸ್ತೆಯ ಡಾಂಬರು ಟೋಪಿಯ ಹಾಗೆ ಕೂತಿತ್ತು.

ಓವರ್‌ಸಿಯರ್ ನಕ್ಕ. ಎರಡು ಹೆಣ ಮಲಗಿರುವ ಜಾಗದಲ್ಲಿ ಗೊಳ್ಳೆಂದು ನಕ್ಕ.

"ಸಾರ್, ಇದು ಗುಡ್ಡದವರ ಕೈಯಲ್ಲ. ನಮ್ಮ ಈ ಬಡ್ಡೀಮಕ್ಕಳದೇ. ನೋಡಿ, ಅಳತೆಗುಡ್ಡೆ ಬಿಟ್ಟಿದ್ದಾರೆ!"

ಗುಡ್ಡದವರು ಎಂದರೆ ಕೋವಿ ಹಿಡಿದು ಕಾಡುಗುಡ್ಡ ಸೇರಿದವರು. ಸರ್ಕಾರದ ಜೊತೆ ಎಂಟು ವರ್ಷಗಳಿಂದ ಕದ್ದು ಕಾದಾಡುತ್ತಿದ್ದರು. ಅಳತೆಗುಡ್ಡೆ ಎಂದರೇನು ಎಂದು ಕ್ಯಾಪ್ಟನ್‌ಗೆ ಗೊತ್ತಿರಲಿಲ್ಲ. ಓವರ್‌ಸಿಯರ್ ವಿವರಿಸಿದ. ಮಣ್ಣಿನ ಕೆಲಸದವರು ಹಳ್ಳ ತೆಗೆಯುವಾಗ ನಡುವೆ ಒಂದು ತುಂಡು ನೆಲವನ್ನು ಮುಟ್ಟದೆ ಬಿಡುತ್ತಾರೆ. ಮೊದಲು ನೆಲ ಎಷ್ಟು ಎತ್ತರವಿತ್ತು, ಎಷ್ಟು ಆಳ ಅಗೆದಿದ್ದೇವೆ ಎಂದು ಅಳೆಯುವವನಿಗೆ ಅದು ತೋರಿಸುತ್ತದೆ. ಅಳೆದಾದ ಮೇಲೆ ಒಡೆದು ಹಾಕುತ್ತಾರೆ. ಓವರ್‌ಸಿಯರ್ ವಿವರಿಸದೆ ಬಿಟ್ಟದ್ದೂ ಒಂದಿತ್ತು. ಹಿಂದೆ ಒಂದು ಸಲ ಕೇರಿಯವರು ಗುಡ್ಡೆ ಬಿಡಲು ಮರೆತಿದ್ದರು. "ಗುಡ್ಡೆ ಇಲ್ಲ ಅಂದ್ರೆ ಅಗೆದಿಲ್ಲ" ಎಂದು ಹೇಳಿ ಅವನು ಹದಿನೈದು ದಿನದ ಕೂಲಿಯನ್ನು ಮಣ್ಣುಪಾಲು ಮಾಡಿದ್ದ. ಅವತ್ತಿನಿಂದ ಗುಡ್ಡೆ ಬಿಡದೆ ಹಳ್ಳ ತೆಗೆಯಲು ಕೇರಿಯ ಕೈಗಳಿಗೆ ಬರುತ್ತಲೇ ಇರಲಿಲ್ಲ. ಆ ಭಯವನ್ನು ಕಲಿಸಿದವನೇ ಈಗ ಅದನ್ನು ಬೆರಳು ಮಾಡಿ ತೋರಿಸುತ್ತಿದ್ದ.

ಸಾಲಿನಲ್ಲಿ ನಿಂತಿದ್ದ ಕಣ್ಣಳತೆ ಪಕ್ಕದಲ್ಲಿದ್ದ ಗಂಡನ ಕಡೆ ನೋಡಿದಳು.

ಕಣ್ಣಳತೆ ಎಂಬುದು ಕೇರಿ ಇಟ್ಟ ಹೆಸರು. ಟೇಪು ಬೇಡ, ಕೋಲು ಬೇಡ. ನಿಂತಲ್ಲೇ ನೋಡಿ ಇಷ್ಟು ಅಡಿ ಎಂದರೆ ಅಷ್ಟೇ ಅಡಿ. ಓವರ್‌ಸಿಯರ್ ಕಳ್ಳಲೆಕ್ಕ ಹೇಳಿದಾಗಲೆಲ್ಲ ತಲೆ ಮೇಲಿನ ಬುಟ್ಟಿ ಇಳಿಸದೆ ಸರಿಲೆಕ್ಕ ಹೇಳುವವಳು. ಅವಳ ಗಂಡನನ್ನು ಎಲ್ಲರೂ ಗೂಟ ಎನ್ನುತ್ತಿದ್ದರು. ನೆಟ್ಟಲ್ಲಿ ನಿಲ್ಲುತ್ತಾನೆ, ಮಾತಿಲ್ಲ. "ಇವನ ಬಾಯಿಂದ ಒಂದು ಮಾತು ತೆಗೆಯೋದಕ್ಕಿಂತ ಬಾವಿ ತೆಗೆಯೋದು ಸುಲಭ" ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಮೂವತ್ತು ವರ್ಷ ಗುದ್ದಲಿ ಅವನದು, ಬುಟ್ಟಿ ಅವಳದು. ಅವನು ಕಡಿದ ಮಣ್ಣನ್ನು ಬೇರೆ ಯಾರೂ ಎತ್ತಿಲ್ಲ. ಮಕ್ಕಳು ಎರಡು ಹುಟ್ಟಿ ಎರಡೂ ಉಳಿಯಲಿಲ್ಲ. ಉಳಿದವರು ಇಬ್ಬರೇ.

ಹಿಂದಿನ ದಿನ ನಡುಮಧ್ಯಾಹ್ನ, ಕ್ಯಾಂಪಿನ ಲಾರಿಗಳೆಲ್ಲ ನದಿಯಾಚೆ ಹೋಗಿದ್ದಾಗ, ಗುಡ್ಡದವರು ಎಂಟು ಜನ ಕೇರಿಗೆ ಬಂದಿದ್ದರು. ಕೋವಿ ತೋರಿಸಿ, ಎರಡು ತಾಸಿನಲ್ಲಿ ರಸ್ತೆ ಕಡಿಯಬೇಕು ಎಂದಿದ್ದರು. ಹನ್ನೊಂದು ಜೋಡಿ ನೀರಿಗೂ ನಿಲ್ಲದೆ ಅಗೆದವು. ಡಾಂಬರಿಗೆ ಹಾರೆ ಹಾಕಿ ಹಾಕಿ ಅಂಗೈ ಸುಲಿಯಿತು. ಆ ಗಡಿಬಿಡಿಯಲ್ಲೂ ಬುಟ್ಟಿ ಎತ್ತುತ್ತಾ ಅವಳು ಗಂಡನನ್ನು ಕೇಳಿದ್ದಳು, "ಏಯ್, ನಡುವೆ ಗುಡ್ಡೆ ಬಿಟ್ಟೆಯೇನೋ?" ಅವನು "ಹೂಂ" ಎಂದಿದ್ದ. ವರ್ಷಗಟ್ಟಲೆ ದಿನಾ ಕೇಳಿದ ಪ್ರಶ್ನೆ. ಯಾರಿಗಾಗಿ ಅಗೆಯುತ್ತಿದ್ದೇವೆ, ಯಾರು ಬಂದು ಅಳೆಯುತ್ತಾರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹೊಟ್ಟೆಗಾಗಿ ಕಲಿತ ಗುಣ ಅದಕ್ಕಿಂತ ಗಟ್ಟಿ.

"ಗುಡ್ಡೆ ಬಿಟ್ಟವರು ಯಾರು?" ಕ್ಯಾಪ್ಟನ್ ಕೇಳಿದ. ಅವನ ಅಂಗಿಯ ತೋಳಿಗೆ ಸತ್ತ ಹುಡುಗರ ರಕ್ತ ಮೆತ್ತಿತ್ತು. ಅವನ ದನಿ ಏರಲಿಲ್ಲ. ಏರಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಕಣ್ಣಳತೆ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಗೂಟ ಒಂದು ಹೆಜ್ಜೆ ಮುಂದೆ ಬಂದ.

"ನಾನು" ಎಂದ. ಬಾವಿ ತೆಗೆಯದೆಯೇ ಬಂದ ಮಾತು.

ಕೋವಿಯ ಹಿಂಬದಿಯಿಂದ ಅವನ ಮೊಣಕಾಲಿಗೆ ಹೊಡೆದರು. ಬಿದ್ದವನ ಕೈ ಹಿಂದಕ್ಕೆ ಕಟ್ಟಿದರು. ಅವಳು ಓಡಿಹೋಗಿ ಕ್ಯಾಪ್ಟನ್‌ನ ಬೂಟು ಹಿಡಿದಳು. "ನಾನು ಹೇಳಿದ್ದು ಸಾಹೇಬ್ರೇ, ನಾನೇ ಗುಡ್ಡೆ ಬಿಡು ಅಂದದ್ದು!" ಬೂಟು ಅವಳ ಕೈಯಿಂದ ಸುಮ್ಮನೆ ಜಾರಿಕೊಂಡಿತು, ಅಂಟಿದ ಕೆಸರು ಕೊಡವಿಕೊಂಡ ಹಾಗೆ.

"ಸಂಜೆಯೊಳಗೆ ರಸ್ತೆ ಮೊದಲಿನ ಹಾಗಾಗಬೇಕು," ಕ್ಯಾಪ್ಟನ್ ಕೇರಿಯವರಿಗೆ ಹೇಳಿದ. "ಇನ್ನೊಂದು ಸಲ ಇದು ಕಡಿದದ್ದು ಕಂಡರೆ ಇವನ ಹೆಣ ಕೊಡ್ತೀನಿ. ಬೇಗ ಬಿಡಿಸಿಕೊಳ್ಳೋ ಆಸೆ ಇದ್ರೆ, ಗುಡ್ಡದವರು ಎಲ್ಲಿ ಅಡಗಿದ್ದಾರೆ ಅಂತ ಬಂದು ಹೇಳಿ."

ತಾವೇ ತೆಗೆದ ಹಳ್ಳವನ್ನು ತಾವೇ ಮುಚ್ಚಿದರು. ಗಂಡಸರು ಮಣ್ಣು ತುಂಬಿದರು, ಹೆಂಗಸರು ಸಾಲಾಗಿ ನಿಂತು ಕಾಲಲ್ಲಿ ತುಳಿದರು, ಮೇಲೆ ದಿಮ್ಮಸೆ ಹೊಡೆದು ಗಟ್ಟಿ ಮಾಡಿದರು. ಕಣ್ಣಳತೆಗೆ ಆ ದಿನ ಜೋಡಿ ಇರಲಿಲ್ಲ. ತಾನೇ ಕಡಿದು ತಾನೇ ಹೊತ್ತಳು. ಬುಟ್ಟಿ ತಲೆಗೇರಿಸಲು ಒಂದು ಕೈ ಬೇಕು. ಆ ಕೈ ಇಲ್ಲದೆ ಪ್ರತಿ ಸಲವೂ ಬುಟ್ಟಿಯನ್ನು ಮೊದಲು ಮೊಣಕಾಲಿಗೆ, ಮೊಣಕಾಲಿಂದ ಎದೆಗೆ, ಎದೆಯಿಂದ ತಲೆಗೆ ಎತ್ತಿಕೊಂಡಳು. ಯಾರೋ ನೆರವಿಗೆ ಬಂದರೆ ಬೇಡವೆಂದಳು. ಊರಿನ ಮಾಳಿಗೆಗಳ ಮೇಲೆ ಜನ ನಿಂತು ನೋಡುತ್ತಿದ್ದರು. ಗುಡ್ಡದವರಿಗೆ ಅಕ್ಕಿಮೂಟೆ ಕಳಿಸಿದ ಅಂಗಡಿಯವನೂ ಅಲ್ಲಿದ್ದ, ಕ್ಯಾಂಪಿಗೆ ಅಕ್ಕಿಮೂಟೆ ಕಳಿಸಿದವನೂ ಅವನೇ. ಅವನ ಮೊಣಕಾಲಿಗೆ ಯಾರೂ ಹೊಡೆಯಲಿಲ್ಲ.

ಸಂಜೆ ಕೇರಿಯವರು ಗುಡಿಸಲ ಮುಂದೆ ಕೂತರು. ಎಲ್ಲರಿಗೂ ಹಿರಿಯನಾದ ಹಾರೆಯಜ್ಜ ಗೂಟನ ಚಿಕ್ಕಪ್ಪ. ಎಪ್ಪತ್ತು ದಾಟಿದ್ದರೂ ಹಾರೆ ಬಿಟ್ಟಿರಲಿಲ್ಲ.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ," ಎಂದ ಅಜ್ಜ. "ಎಪ್ಪತ್ತು ವರ್ಷ ಕೈ ಕೆಸರು ಮಾಡಿಕೊಂಡೆ. ಆ ಮೊಸರು ಯಾವನ ಬಾಯಿಗೆ ಹೋಯ್ತೋ!"

ಯಾರೂ ನಗಲಿಲ್ಲ. ಅಜ್ಜನೂ ನಗಿಸಲು ಹೇಳಿರಲಿಲ್ಲ.

"ಗುಡ್ಡದವರು ಇರೋ ಜಾಗ ಹೇಳಿಬಿಡೋಣ್ವಾ?" ಒಬ್ಬ ಕೇಳಿದ.

"ಹೇಳಿದ ಮಾರನೇ ದಿನ ಅವರು ಬಂದು ಕೇರಿಗೆ ಬೆಂಕಿ ಇಡ್ತಾರೆ," ಎಂದಳು ಕಣ್ಣಳತೆ. "ಅದೂ ಅಲ್ಲದೆ ನಮಗೆ ಎಲ್ಲಿ ಗೊತ್ತು ಅವರಿರೋ ಜಾಗ? ಸುಳ್ಳು ಹೇಳಿದ್ರೆ ಅದಕ್ಕೆ ಬೇರೆ ಹೊಡೆತ."

ಅತ್ತ ದರಿ, ಇತ್ತ ಪುಲಿ. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕೇರಿ ಮಲಗಿತು.

ಮರುದಿನ ಹೊತ್ತು ನೆತ್ತಿಗೆ ಬರುವ ಮೊದಲೇ ಗುಡ್ಡದವರು ಬಂದರು. ಕೇರಿಯ ಹಿಂದೆ ಮಣ್ಣು ತೆಗೆದು ತೆಗೆದು ಆದ ದೊಡ್ಡ ಗುಂಡಿಯಿದೆ. ಅಲ್ಲಿ ಕಣ್ಣಳತೆ ಗೂಟನ ಅಂಗಿ ಒಗೆಯುತ್ತಿದ್ದಳು. ಇಬ್ಬರು ಇಳಿದು ಬಂದರು. ಒಬ್ಬಳು ಹೆಂಗಸು, ಅವಳನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು. ಊರಿನ ಶಾಲೆಯಲ್ಲಿ ನಿಜವಾಗಿಯೂ ಪಾಠ ಹೇಳಿದವಳು. ಕೇರಿಯ ಮಕ್ಕಳನ್ನು ಹಿಂದಿನ ಗೋಡೆಗೆ ಕೂರಿಸಬೇಡಿ ಎಂದು ಜಗಳವಾಡಿ, ಕೆಲಸ ಹೋಗಿ, ಗುಡ್ಡ ಹತ್ತಿದವಳು. ಒಳ್ಳೆಯವಳೇ. ಇನ್ನೊಬ್ಬ ಬಂದೂಕಿನವನು, ಚಿಕ್ಕ ಪ್ರಾಯ, ಕಣ್ಣಲ್ಲಿ ನಿದ್ದೆಯಿಲ್ಲ.

"ಅಕ್ಕಾ, ರಸ್ತೆ ಮುಚ್ಚಿದ್ದೀರಂತೆ," ಎಂದಳು ಟೀಚರ್.

"ಮುಚ್ಚಿಸಿದ್ರು."

"ಮತ್ತೆ ತೆಗೀಬೇಕು. ನಾಳೆ ಈ ದಾರೀಲಿ ಅವರ ತೋಪುಗಳು ಬರ್ತವೆ. ಬಂದ್ರೆ ಗುಡ್ಡದ ಆಚೆ ಇರೋ ಹಳ್ಳಿಗಳು ಉಳಿಯಲ್ಲ."

"ನನ್ನ ಗಂಡ ಅವರ ಕೈಯಲ್ಲಿದ್ದಾನೆ ಟೀಚರ್. ರಸ್ತೆ ಕಡಿದ್ರೆ ಅವನ ಹೆಣ ಕೊಡ್ತೀನಿ ಅಂದಿದ್ದಾರೆ."

ಬಂದೂಕಿನವನು ನಡುವೆ ಬಾಯಿ ಹಾಕಿದ. "ಗಂಡ ಯಾಕೆ ಸಿಕ್ಕಿಬಿದ್ದ? ಆ ಗುಡ್ಡೆ ಯಾಕೆ ಬಿಟ್ರಿ? ಕ್ಯಾಂಪಿಗೆ ಸುಳಿವು ಕೊಡೋಕೆ ತಾನೇ?"

ಕಣ್ಣಳತೆಗೆ ನಗು ಬಂತು. ಅಳುವಿಗಿಂತ ಕೆಟ್ಟದಾದ ನಗು. "ಸುಳಿವು ಕೊಟ್ಟು ನನ್ನ ಗಂಡನನ್ನೇ ಹಿಡಿಸಿಕೊಟ್ಟೆನಾ? ಅದು ಅಭ್ಯಾಸ ಕಣಪ್ಪಾ. ಗುಡ್ಡೆ ಬಿಡದೆ ಇದ್ರೆ ನಮಗೆ ಕೂಳಿಲ್ಲ. ಅದು ನಿನಗೆ ಗೊತ್ತಾಗಲ್ಲ. ನಿನ್ನ ಕೆಲಸವನ್ನ ಯಾರೂ ಅಳೆದಿಲ್ಲ."

"ಅಕ್ಕಾ," ಟೀಚರ್ ಹತ್ತಿರ ಬಂದಳು. "ಇದೆಲ್ಲ ನಿಮಗಾಗಿ. ನಾಳೆ ನೀವು ತಲೆ ಎತ್ತಿ ಬದುಕಬೇಕು ಅಂತ. ನಮ್ಮಲ್ಲೂ ಎಷ್ಟೋ ಜನ ಸತ್ತಿದ್ದಾರೆ."

"ಸತ್ತಿದ್ದಾರೆ, ಪಾಪ. ಕೋವಿ ಹಿಡ್ಕೊಂಡು ಸತ್ತರು. ಅವರ ಮೇಲೆ ಹಾಡು ಕಟ್ಟಿದ್ದೀರಿ, ನಾನೂ ಕೇಳಿದ್ದೀನಿ. ಇವನು ಸತ್ರೆ ಹಾಡು ಕಟ್ತೀರಾ? ಏನಂತ ಕಟ್ತೀರಿ?" ಅಂಗಿಯನ್ನು ಹಿಂಡುತ್ತಿದ್ದ ಅವಳ ಕೈ ನಿಂತಿತು. "ಒಂದು ಮಾತು ಕೇಳ್ತೀನಿ ಟೀಚರ್, ಸಿಟ್ಟಾಗಬೇಡಿ. ಊರಲ್ಲಿ ನೂರೈವತ್ತು ಮನೆ ಇದೆ. ರಸ್ತೆ ಕಡಿಯೋಕೆ ಅವರನ್ನ ಯಾಕೆ ಕರೀಲಿಲ್ಲ?"

"ಅವರಿಗೆ ಅಗೆಯೋಕೆ ಬರಲ್ಲ, ಅಕ್ಕಾ."

"ನೋಡಿ, ಓವರ್‌ಸಿಯರ್ ಕೂಡ ಇದೇ ಮಾತು ಹೇಳ್ತಾನೆ."

ಟೀಚರ್ ಮುಖ ಕೆಂಪಾಯಿತು. ಹೊಡೆದಿದ್ದರೂ ಅಷ್ಟು ಕೆಂಪಾಗುತ್ತಿರಲಿಲ್ಲ. ಬಂದೂಕಿನವನು ಮುಂದೆ ಬಂದು ಕಣ್ಣಳತೆಯ ಕೈಯಿಂದ ಒದ್ದೆ ಅಂಗಿ ಕಿತ್ತು ಕೆಸರಿಗೆ ಎಸೆದ.

"ನಾಳೆ ಬೆಳಿಗ್ಗೆಯೊಳಗೆ ರಸ್ತೆ ಕಡಿದಿರಬೇಕು. ಇಲ್ಲ ಅಂದ್ರೆ ನೀವು ಯಾರ ಕಡೆ ಅಂತ ನಮಗೆ ಗೊತ್ತಾಗುತ್ತೆ."

"ನಾವು ಅಗೆಯಲ್ಲ," ಎಂದಳು ಕಣ್ಣಳತೆ. ಧೈರ್ಯದಿಂದ ಹೇಳಿದ ಮಾತಲ್ಲ, ಗಂಡನ ಜೀವ ಹೋಗುತ್ತದೆಂಬ ಹೆದರಿಕೆಯಿಂದ ಹೇಳಿದ್ದು. ಅವರು ಮೇಲೆ ಹತ್ತಿ ಹೋದರು. ಟೀಚರ್ ತಿರುಗಿ ನೋಡಿದಳು.

ಕಣ್ಣಳತೆ ಅಂಗಿಯನ್ನು ಮತ್ತೆ ಒಗೆದಳು. ಒಣಗುವವರೆಗೆ ಕಾಯುವ ಹೊತ್ತಿರಲಿಲ್ಲ. ಒದ್ದೆ ಅಂಗಿ, ಎರಡು ರೊಟ್ಟಿ, ಮೊಣಕಾಲಿಗೆ ಕಟ್ಟಲು ಒಂದು ಹರಕು ಬಟ್ಟೆ. ಇಷ್ಟನ್ನು ಮಣ್ಣು ಹೊರುವ ಬುಟ್ಟಿಯಲ್ಲೇ ಇಟ್ಟುಕೊಂಡು ಕ್ಯಾಂಪಿನ ದಾರಿ ಹಿಡಿದಳು. ಬೇರೆ ಬುಟ್ಟಿ ಅವಳ ಮನೆಯಲ್ಲಿರಲಿಲ್ಲ.

ಹಳೆಯ ಉಗ್ರಾಣವೊಂದನ್ನು ಕ್ಯಾಂಪು ಮಾಡಿದ್ದರು. ಗೇಟಿನ ಮುಂದೆ ಮರಳುಚೀಲದ ಗೋಡೆ. ಆ ಮರಳನ್ನು ಹೊತ್ತದ್ದೂ ಅವಳೇ. ಕಾವಲಿನವನು ಬುಟ್ಟಿ ಕೆದಕಿ ರೊಟ್ಟಿ ಮುರಿದು ನೋಡಿದ. ಒಳಗೆ ಹೋಗಿ ಕೇಳಿ ಬಂದ. ಬಂದವನ ಮುಖ ಮೆತ್ತಗಿತ್ತು.

"ಬುಟ್ಟಿ ತಂದಿದ್ದು ಒಳ್ಳೇದಾಯ್ತು. ಹಿತ್ತಲಿಗೆ ಹೋಗು. ನಿನ್ನ ಗಂಡ ಕೆಲಸ ಮಾಡ್ತಿದ್ದಾನೆ. ಮಣ್ಣೆತ್ತೋಕೆ ಆಳಿಲ್ಲ, ಸಾಹೇಬ್ರು ಬೈತಿದ್ರು."

ಕೆಲಸ! ಕಣ್ಣಳತೆಗೆ ಹೋದ ಜೀವ ಬಂದಂತಾಯಿತು. ಕೆಲಸ ಮಾಡಿಸುತ್ತಿದ್ದಾರೆ ಎಂದರೆ ಕೊಲ್ಲುವುದಿಲ್ಲ. ಕೆಲಸದ ಕೈಯನ್ನು ಯಾರು ಕೊಲ್ಲುತ್ತಾರೆ? ಓಡುತ್ತಾ ಉಗ್ರಾಣ ಬಳಸಿ ಹಿತ್ತಲಿಗೆ ಬಂದಳು.

ಗೂಟ ಸೊಂಟದಾಳದ ಹಳ್ಳದಲ್ಲಿ ನಿಂತು ಅಗೆಯುತ್ತಿದ್ದ. ಒಂದು ಕಾಲು ಊದಿ ಕಂಬವಾಗಿತ್ತು, ಅದನ್ನು ಮಡಿಸದೆ ಬಗ್ಗುತ್ತಿದ್ದ. ತುಟಿ ಒಡೆದಿತ್ತು. ಹಳ್ಳದ ತಲೆಗೆ ಇಬ್ಬರು ಸೈನಿಕರು ನೆರಳು ಹುಡುಕಿ ಕೂತಿದ್ದರು. ಎತ್ತುವವರಿಲ್ಲದೆ ಕಡಿದ ಮಣ್ಣು ಅವನ ಕಾಲ ಬುಡದಲ್ಲೇ ರಾಶಿ ಬಿದ್ದಿತ್ತು.

"ಅಯ್ಯೋ, ನನ್ನ ಬಿಟ್ಟು ಇಷ್ಟು ಸೋಮಾರಿ ಕೆಲಸನಾ?" ಎಂದಳು. ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನ ಬಾಯಿಗೆ ರೊಟ್ಟಿ ತುರುಕಿದಳು. ಸೀರೆ ಸೆರಗನ್ನು ಸಿಂಬೆ ಸುತ್ತಿ ತಲೆಗಿಟ್ಟು ಹಳ್ಳಕ್ಕೆ ಇಳಿದಳು. "ಕಾಲಿಗೆ ಆಮೇಲೆ ಬಟ್ಟೆ ಕಟ್ತೀನಿ. ಮೊದಲು ಈ ರಾಶಿ ಎತ್ತಿಬಿಡ್ತೀನಿ. ಬೇಗ ಮುಗಿಸಿದ್ರೆ ಸಾಹೇಬ್ರಿಗೂ ಸಂತೋಷ. ಕಕ್ಕಸಿನ ಗುಂಡಿಯೋ, ಕಸದ ಗುಂಡಿಯೋ?"

ಗೂಟ ಮಾತಾಡಲಿಲ್ಲ. ಅವನು ಯಾವಾಗ ಮಾತಾಡಿದ್ದ? ಅವಳು ಒಂದು ಬುಟ್ಟಿ ಹೊತ್ತು ಹಾಕಿ ಬಂದಳು. ಎರಡನೆಯದನ್ನೂ ಹೊತ್ತಳು. ಬೇಲಿಯ ಹತ್ತಿರ ಸುರಿದು ತಿರುಗಿದಾಗ ಹಳ್ಳವನ್ನು ಮೊದಲ ಸಲ ದೂರದಿಂದ ಪೂರ್ತಿಯಾಗಿ ನೋಡಿದಳು.

ಉದ್ದ ಆರಡಿ. ಅಗಲ ಎರಡಡಿ.

ಕಕ್ಕಸಿನ ಗುಂಡಿ ಚೌಕ ಇರುತ್ತದೆ. ಕಸದ್ದು ದುಂಡಗೆ. ಆರಡಿಗೆ ಎರಡಡಿ ಏನಿರುತ್ತದೆ ಎಂದು ಅವಳ ಕಣ್ಣಿಗೆ ಗೊತ್ತಿತ್ತು. ಇದೇ ಆಕಾರದ್ದನ್ನು ಸಣ್ಣದಾಗಿ ಎರಡು ಸಲ ತೆಗೆದವರು ಅವರು.

ಹಳ್ಳದ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಗೊತ್ತಿತ್ತಾ ನಿನಗೆ?"

"ಹೂಂ. ದಾರ ಕಟ್ಟಿ ಗುರುತು ಹಾಕಿದಾಗಲೇ."

"ಮತ್ತೆ ಯಾಕೆ ಅಗೀತಿದ್ದೀಯೋ?"

ಅವನು ಗುದ್ದಲಿಗೆ ಒರಗಿದ. "ಅಗೀತಾ ಇರೋ ತನಕ ಬದುಕಿರ್ತೀನಲ್ಲಾ. ಬೆಳಿಗ್ಗೆಯಿಂದ ಎಳೀತಾ ಇದ್ದೀನಿ."

ಅವಳು ಬೇಲಿಯ ಕಡೆ ತಿರುಗಿದಳು. ತಾನು ಹೊತ್ತು ಹಾಕಿದ ಎರಡು ಬುಟ್ಟಿ ಮಣ್ಣು ಬೇಲಿಯ ಬಳಿ ಬಿದ್ದಿತ್ತು. ಬೇಗ ಮುಗಿಸೋಣ ಎಂದು ಓಡೋಡಿ ಹೊತ್ತಿದ್ದಳು. ಅವನ ಆಯುಸ್ಸಿನಿಂದ ಎರಡು ಬುಟ್ಟಿ ತೆಗೆದು ಹಾಕಿದ್ದಳು.

"ನನಗೆ ಯಾಕೆ ಹೇಳಲಿಲ್ಲ? ಬಾಯಿಗೆ ಏನಾಗಿತ್ತು ನಿನಗೆ?" ಅವಳು ಅವನ ಭುಜಕ್ಕೆ ಗುದ್ದಿದಳು.

"ನೀನು ನಗ್ತಾ ಬಂದೆ," ಎಂದ ಗೂಟ.

ಕಣ್ಣಳತೆ ಎದ್ದಳು. ಬೇಲಿಯ ಬಳಿಗೆ ಹೋಗಿ, ತಾನು ಸುರಿದ ಮಣ್ಣನ್ನು ಕೈಯಲ್ಲಿ ಗೋರಿ ಗೋರಿ ಬುಟ್ಟಿಗೆ ತುಂಬಿ ತಂದು ಹಳ್ಳಕ್ಕೆ ಸುರಿದಳು. ಎರಡನೆಯ ಬುಟ್ಟಿಯನ್ನೂ ತಂದು ಸುರಿದಳು. ಸೈನಿಕರು "ಏಯ್, ಏಯ್!" ಎನ್ನುತ್ತಾ ಎದ್ದರು. ಅವಳು ಹಳ್ಳಕ್ಕೆ ಹಾರಿ, ಗಂಡನ ಕೈಯಿಂದ ಗುದ್ದಲಿ ಕಿತ್ತು ಹೊರಗೆ ಬಿಸಾಕಿದಳು. ಅವನನ್ನು ಭುಜ ಹಿಡಿದು ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಎರಡಡಿ ಅಗಲದಲ್ಲಿ ಇಬ್ಬರು ಕೂರಲು ಜಾಗ ಸಾಲದೆ ಅರ್ಧ ಅವನ ತೊಡೆಯ ಮೇಲೆಯೇ ಕೂತಳು. ಹರಕು ಬಟ್ಟೆ ತೆಗೆದು ಅವನ ಮೊಣಕಾಲಿಗೆ ಕಟ್ಟತೊಡಗಿದಳು.

ಕ್ಯಾಪ್ಟನ್ ಬಂದ. ಜೊತೆಗೆ ಓವರ್‌ಸಿಯರ್. ಮುಚ್ಚಿದ ರಸ್ತೆಯ ಅಳತೆ ಒಪ್ಪಿಸಲು ಬಂದಿದ್ದವನು.

"ಮೇಲೆ ಬಾ," ಎಂದ ಕ್ಯಾಪ್ಟನ್. "ನಿನ್ನೆಯಿಂದ ಕಾದೆ, ನಿಮ್ಮ ಕೇರಿಯಿಂದ ಒಬ್ಬರೂ ಬಂದು ಬಾಯಿ ಬಿಡಲಿಲ್ಲ. ಈಗಲಾದ್ರೂ ಹೇಳಿಬಿಟ್ರೆ ಇಬ್ಬರೂ ಮನೆಗೆ ಹೋಗಬಹುದು. ರಸ್ತೆ ಕಡಿಯೋಕೆ ಹೇಳಿದವನು ಯಾರು? ಮುಖ ಹೇಗಿತ್ತು?"

ಅವಳು ಬಟ್ಟೆಯ ಗಂಟು ಬಿಗಿದು ತಲೆ ಎತ್ತಿದಳು. "ಮುಖ ಯಾರು ನೋಡಿದ್ರು ಸಾಹೇಬ್ರೇ? ಕೋವಿ ಕಂಡಿತು. ಅಗೀರಿ ಅಂತು, ಅಗೆದ್ವಿ. ಆಮೇಲೆ ನಿಮ್ಮ ಕೋವಿ ಬಂತು. ಮುಚ್ಚಿ ಅಂತು, ಮುಚ್ಚಿದ್ವಿ. ನಿಮ್ಮ ಮುಖನೂ ನಾನು ಈಗಲೇ ಸರಿಯಾಗಿ ನೋಡ್ತಿರೋದು."

"ನನ್ನ ಇಬ್ಬರು ಹುಡುಗರು ಸತ್ತರು ಗೊತ್ತಾ?"

"ಗೊತ್ತು. ಒಬ್ಬನಿಗೆ ಮೀಸೆ ಬಂದಿರಲಿಲ್ಲ. ನಾನು ಅತ್ತಿದ್ದೀನಿ. ನನ್ನವನಿಗೆ ನೀವು ಅಳ್ತೀರಾ?"

ಕ್ಯಾಪ್ಟನ್ ಕಣ್ಣು ಒಂದು ಗಳಿಗೆ ಬೇರೆ ಕಡೆ ಹೋಯಿತು. ಮರಳಿ ಬಂದಾಗ ಮತ್ತೆ ಕ್ಯಾಪ್ಟನ್‌ನ ಕಣ್ಣೇ ಆಗಿತ್ತು. "ಎದ್ದು ಕೆಲಸ ಮುಗಿಸಿ. ಇಲ್ಲ ಅಂದ್ರೆ ನಿನಗೂ ಇಲ್ಲೇ ಜಾಗ."

"ಇಬ್ಬರಿಗೆ ಇದು ಸಾಲಲ್ಲ," ಎಂದಳು ಕಣ್ಣಳತೆ. "ಅಗಲ ಎರಡಡಿ ಇದೆ. ಇಬ್ಬರಿಗೆ ನಾಲ್ಕಡಿ ಬೇಕು. ಆಳನೂ ಸಾಲದು, ನಾಯಿ ಕೆದಕುತ್ತೆ. ಅಗೆಸಿ. ಆದ್ರೆ ನಾವು ಅಗೆಯಲ್ಲ."

ಈ ಸಲ ಹೆದರಿಕೆ ಇರಲಿಲ್ಲ. ಹೆದರಿಕೆಗೆ ಆ ಹಳ್ಳದಲ್ಲಿ ಜಾಗವೂ ಇರಲಿಲ್ಲ.

ಕ್ಯಾಪ್ಟನ್ ಕೇರಿಯವರನ್ನು ಕರೆತರಲು ಹೇಳಿದ. ಗುದ್ದಲಿ, ಹಾರೆ, ಬುಟ್ಟಿ ಸಮೇತ. ತಮ್ಮವರ ಗುಂಡಿಯನ್ನು ತಾವೇ ಅಗೆಯಲಿ, ಆಮೇಲೆ ಬಾಯಿ ಬಿಡುತ್ತಾರೆ ಎಂದು ಅವನ ಲೆಕ್ಕ. ಅರ್ಧ ಗಂಟೆಯಲ್ಲಿ ಇಪ್ಪತ್ತು ಜನರನ್ನು ದನ ಅಟ್ಟಿದ ಹಾಗೆ ಅಟ್ಟಿಕೊಂಡು ಬಂದರು. ಹಳ್ಳದೊಳಗೆ ಒಬ್ಬರಿಗೊಬ್ಬರು ಒರಗಿ ಕೂತ ಗಂಡಹೆಂಡಿರನ್ನು ನೋಡಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

"ಇದನ್ನ ಅಗಲ ಮಾಡಿ," ಎಂದ ಕ್ಯಾಪ್ಟನ್. "ನಾಲ್ಕಡಿ."

ಯಾರೂ ಅಲುಗಲಿಲ್ಲ. ಓವರ್‌ಸಿಯರ್ ಕೂಗಿದ, "ಏನ್ರೋ, ಕಿವಿ ಕೇಳಲ್ವಾ? ಏಯ್ ಮುದುಕ, ಹಾರೆ ಹಾಕು!"

ಹಾರೆಯಜ್ಜ ಹಳ್ಳದ ಅಂಚಿಗೆ ಬಂದ. ಒಳಗೆ ಬಗ್ಗಿ ನೋಡಿದ. ಯಾವ ಕೆಲಸ ಹಿಡಿದರೂ ಮೊದಲು ಕೇಳುತ್ತಿದ್ದ ಮಾತನ್ನೇ ಕೇಳಿದ.

"ಅಳತೆ ಎಷ್ಟವ್ವಾ?"

ಕಣ್ಣಳತೆ ಕೂತಲ್ಲಿಂದಲೇ ಮೇಲೆ ನಿಂತವರನ್ನು ನೋಡಿದಳು. ಅವಳು ಮುಖಗಳನ್ನು ನೋಡುತ್ತಿದ್ದಳೋ, ಅಳೆಯುತ್ತಿದ್ದಳೋ. ಅವಳಿಗೆ ಅವರನ್ನು ಸಾಯಲು ಕರೆಯುವ ಹಕ್ಕಿರಲಿಲ್ಲ, ಅದು ಗೊತ್ತಿತ್ತು. ಆದರೆ ನಾಳೆ ಬೆಳಿಗ್ಗೆ ಗುಡ್ಡದವರು ಬರುತ್ತಾರೆ, ನಾಡಿದ್ದು ಮತ್ತೆ ಇವರು ಬರುತ್ತಾರೆ. ಎಲ್ಲರ ಹಳ್ಳವನ್ನೂ ಇದೇ ಕೈಗಳು ತೆಗೆಯಬೇಕು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಅಜ್ಜ ನೂರು ಸಲ ಹೇಳಿದ್ದ. ಅಜ್ಜ ಕೇಳಿದ್ದಾನೆ. ಸುಳ್ಳು ಅಳತೆ ಅವಳು ಯಾವತ್ತೂ ಹೇಳಿದವಳಲ್ಲ.

"ಹನ್ನೊಂದು ಜೋಡಿ, ಮಾವಾ. ಪಕ್ಕಪಕ್ಕ ಮಲಗಿಸಿದ್ರೆ ನಲವತ್ನಾಲ್ಕಡಿ ಆಗುತ್ತೆ."

ಅಜ್ಜ ತಲೆಯಾಡಿಸಿದ. ಹಾರೆಯನ್ನು ಎರಡು ಕೈಯಲ್ಲಿ ಎತ್ತಿ, ಸದ್ದಾಗದಂತೆ, ಕ್ಯಾಪ್ಟನ್‌ನ ಬೂಟಿನ ಮುಂದೆ ಮಲಗಿಸಿದ.

"ನಲವತ್ನಾಲ್ಕು ಅಡಿ ಉದ್ದ ಸಾಹೇಬ್ರೇ, ಆರಡಿ ಅಗಲ, ನಾಲ್ಕಡಿ ಆಳ. ಇಲ್ಲಿ ಒಂದೂವರೆ ಅಡಿ ಕೆಳಗೆ ಗಟ್ಟಿನೆಲ ಬರುತ್ತೆ. ನಿಮ್ಮ ಹುಡುಗರಿಗೆ ಅಭ್ಯಾಸ ಇಲ್ಲ, ಮೂರು ದಿನ ಆಗುತ್ತೆ. ನಾವು ಕಾಯ್ತೀವಿ."

ಮಂಡಿ ಹಿಡಿದುಕೊಂಡು, ನರಳುತ್ತಾ, ಅವನು ಹಳ್ಳದ ಅಂಚಿನಲ್ಲಿ ಕೂತ. ಅವನ ಹಿಂದೆ ಅವನ ಸೊಸೆ ಬುಟ್ಟಿ ಕವುಚಿ ಹಾಕಿ ಕೂತಳು. ಆಮೇಲೆ ಒಬ್ಬೊಬ್ಬರೇ. ಗುದ್ದಲಿಗಳು ನೆಲಕ್ಕೆ ಬಿದ್ದವು. ಒಬ್ಬ ಹೆಂಗಸು ಜೋರಾಗಿ ಅಳುತ್ತಿದ್ದಳು, ಅಳುತ್ತಲೇ ಕೂತಳು. ನಿನ್ನೆ ಜಾಗ ಹೇಳಿಬಿಡೋಣ ಎಂದಿದ್ದವನು ಎಲ್ಲರಿಗಿಂತ ಕೊನೆಗೆ ಕೂತ. ಅವನ ಚಡ್ಡಿ ಒದ್ದೆಯಾಗಿತ್ತು.

ಓವರ್‌ಸಿಯರ್ ಒದೆಯಲು ಹೋದ, ಬೈದ, ತಾಯಿಯನ್ನು ಹೆಸರಿಸಿ ಬೈದ. ಯಾರೂ ತಲೆ ಎತ್ತಲಿಲ್ಲ. ಕ್ಯಾಪ್ಟನ್ ಅವನನ್ನು ತೋಳು ಹಿಡಿದು ಪಕ್ಕಕ್ಕೆ ತಳ್ಳಿದ. ತನ್ನ ಸೈನಿಕರ ಕಡೆ ತಿರುಗಿದ.

"ನೀವೇ ಅಗೀರಿ."

ಸೈನಿಕನೊಬ್ಬ ಕೋವಿಯನ್ನು ಜೊತೆಗಾರನ ಕೈಗೆ ಕೊಟ್ಟ. ಬಗ್ಗಿ ಒಂದು ಗುದ್ದಲಿ ಎತ್ತಿಕೊಂಡ. ಹಿಡಿಯನ್ನು ತೀರ ತುದಿಗೆ ಹಿಡಿದಿದ್ದ, ಅದು ಕೈಯಲ್ಲಿ ತಿರುಗುತ್ತಿತ್ತು. ಕೂತವರ ಸುತ್ತ ಒಂದು ಸುತ್ತು ನಡೆದ. ಎರಡು ಕಡೆ ನಿಂತು ನೋಡಿದ.

"ಎಲ್ಲಿಂದ ಶುರು ಮಾಡಲಿ ಸಾರ್?" ಎಂದು ಕೇಳಿದ.

ಕ್ಯಾಪ್ಟ​ನ್‌ಗೆ ಗೊತ್ತಿರಲಿಲ್ಲ. ಅವನು ಓವರ್‌ಸಿಯರ್ ಮುಖ ನೋಡಿದ. ಇಪ್ಪತ್ತು ವರ್ಷ ಅಳೆದವನು ಒಂದು ದಿನವೂ ಅಗೆದಿರಲಿಲ್ಲ. ಆಗ ಮೂವರೂ, ತಿಳಿದೋ ತಿಳಿಯದೆಯೋ, ನೆಲದ ಮೇಲೆ ಕೂತ ಇಪ್ಪತ್ತು ಜನರ ಕಡೆ, ಹಳ್ಳದೊಳಗಿನ ಇಬ್ಬರ ಕಡೆ ತಿರುಗಿದರು.

ಯಾರೂ ಹೇಳಿಕೊಡಲಿಲ್ಲ.